ಅರಸರೇ ಬೇಡ ಎಂದರು, ಜನ ಬೇಕು ಎಂದರು: ಭೂತಾನದಲ್ಲಿ ಅಧಿಕಾರ ಕೈ ಬದಲಾದದ್ದು ಹೇಗೆ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಾನು, ನಮ್ಮ ಮನೆಯವರು, ನನ್ನ ಅತ್ತಿಗೆ ಮೂವರೂ ಭೂತಾನಕ್ಕೆ ಹೋಗಿ ಬಂದೆವು. ಬಾಗ್‌ಡೋಗ್ರಾದಲ್ಲಿ ಇಳಿದು, ಜೈಗಾಂವ್ ದಾಟಿ, ಫುಂಟ್‌ಶೋಲಿಂಗ್ ಗೇಟಿನಿಂದ ಒಳಗೆ. ಬೆಟ್ಟ, ಊಟ, ಖರ್ಚಿನ ವಿವರ ಇನ್ನೊಮ್ಮೆ ಬರೆಯುತ್ತೇನೆ. ಈಗ ತಲೆ ಕೊರೆಯುತ್ತಿರುವುದು ಬೇರೆ ವಿಷಯ.

ಪಾರೋ ಹತ್ತಿರ ಒಂದು ರೈತರ ಮನೆಯಲ್ಲಿ ಎರಡು ರಾತ್ರಿ ಉಳಿದಿದ್ದೆವು. ಮರದ ಏಣಿ ಹತ್ತಿ ಹೋದರೆ ಮಹಡಿಯಲ್ಲಿ ಅಡುಗೆಮನೆ. ಗೋಡೆಯ ಮೇಲೆ ಸಾಲಾಗಿ ಅರಸರ ಫೋಟೋಗಳು. ನಾಲ್ಕನೆಯ ಅರಸರ ಫೋಟೋಗೆ ಮಾತ್ರ ಬಿಳಿ ಶಾಲು ಹಾಕಿದ್ದರು. ಯಾಕೆ ಅಂತ ಕೇಳಿದೆ. ಮನೆಯ ಅಜ್ಜಿ ಒಲೆಗೆ ಸೌದೆ ತಳ್ಳುತ್ತಾ ಏನೋ ಹೇಳಿದರು. ಮೊಮ್ಮಗ ಹಿಂದಿಯಲ್ಲಿ ಅರ್ಥ ಹೇಳಿದ: "ಇವರು ನಮ್ಮನ್ನು ಬಿಟ್ಟ ದಿನ ಅಜ್ಜಿ ಊಟ ಮಾಡಲಿಲ್ಲ." ಯಾವಾಗ ತೀರಿಕೊಂಡರು ಅಂದೆ. ಇಲ್ಲ, ಚೆನ್ನಾಗಿದ್ದಾರೆ ಅಂದ. ಪಟ್ಟ ಬಿಟ್ಟರು, ಅಷ್ಟೇ. ಮಗನಿಗೆ ಕೊಟ್ಟರು, ಜನರಿಗೆ ವೋಟು ಕೊಟ್ಟರು. ಅಜ್ಜಿಗೆ ಆ ವೋಟು ಬೇಕಿರಲಿಲ್ಲವಂತೆ.

ಅವತ್ತಿನಿಂದ ಯೋಚಿಸುತ್ತಿದ್ದೇನೆ. ಕೈಯಲ್ಲಿ ಪೂರ್ತಿ ಅಧಿಕಾರ ಇಟ್ಟುಕೊಂಡವರು, ಐವತ್ತರ ಆಸುಪಾಸಿನಲ್ಲಿ, ಗಟ್ಟಿಮುಟ್ಟಾಗಿದ್ದಾಗಲೇ ಬಿಟ್ಟುಕೊಟ್ಟರು ಅಂದರೆ ಏನರ್ಥ? ನಿಜವಾಗಿ ಬಿಟ್ಟರಾ, ಅಥವಾ ಹೆಸರಿಗೆ ಮಾತ್ರವಾ? ಇಲ್ಲಿ ಆ ಕಡೆ ಕೆಲಸ ಮಾಡಿದವರು, ಕಾನೂನು ಓದಿದವರು ಇದ್ದೀರಿ. ದಯವಿಟ್ಟು ಬಿಡಿಸಿ ಹೇಳಿ.

ಜೋಯಿಡಾ ಮಾಸ್ತರ

ತಂಗೀ, ನಿಮ್ಮ ಅಜ್ಜಿಯ ಮಾತು ಓದಿ ನನ್ನ ಹಳೆಯ ದಿನಗಳು ಕಣ್ಣ ಮುಂದೆ ಬಂದವು. 1996ರಿಂದ 2008ರವರೆಗೆ ನಾನು ಪೂರ್ವ ಭೂತಾನದ ಟ್ರಾಶಿಗಾಂಗ್ ಜಿಲ್ಲೆಯಲ್ಲಿ ಗಣಿತದ ಮಾಸ್ತರನಾಗಿದ್ದೆ. ಬದಲಾವಣೆಯ ಮುಖ್ಯ ಹತ್ತು ವರ್ಷ ಅಲ್ಲೇ ಇದ್ದೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಮೊದಲು ಒಂದು ಮಾತು. ಇದು ಒಂದು ದಿನದಲ್ಲಿ ಆದದ್ದಲ್ಲ. ವಾಂಗ್‌ಚುಕ್ ಮನೆತನ ಪಟ್ಟಕ್ಕೆ ಬಂದದ್ದು 1907ರ ಡಿಸೆಂಬರ್ 17ರಂದು, ಪುನಾಖಾದಲ್ಲಿ. ಅದಕ್ಕೂ ಮುಂಚೆ ಕೋಟೆಗಳ ಒಡೆಯರು ಒಬ್ಬರಿಗೊಬ್ಬರು ಹೊಡೆದಾಡುತ್ತಿದ್ದ ಕಾಲ. ಆ ಒಡೆಯರನ್ನು ಅಲ್ಲಿ ಪೆನ್‌ಲೋಪ್ ಅನ್ನುತ್ತಾರೆ. ಟ್ರೋಂಗ್ಸಾದ ಪೆನ್‌ಲೋಪ್ ಆಗಿದ್ದ ಉಗ್ಯೆನ್ ವಾಂಗ್‌ಚುಕ್ ಅವರನ್ನು ಎಲ್ಲರೂ ಸೇರಿ ಅರಸ ಅಂತ ಒಪ್ಪಿಕೊಂಡರು. ಮೊದಲ ಇಬ್ಬರು ಅರಸರ ಕಾಲದಲ್ಲಿ ಅವರ ಮಾತೇ ಕಾನೂನು.

ಮೂರನೆಯವರು ಜಿಗ್ಮೆ ದೋರ್ಜಿ ವಾಂಗ್‌ಚುಕ್. ಬದಲಾವಣೆಯ ಬೀಜ ಅವರದು. 1953ರಲ್ಲಿ ಷೋಗ್ದು ಎಂಬ ರಾಷ್ಟ್ರೀಯ ಸಭೆ ಮಾಡಿದರು. ಜೀತ ತೆಗೆದುಹಾಕಿದರು. 1968ರಲ್ಲಿ ಸಭೆಯ ತೀರ್ಮಾನವನ್ನು ತಳ್ಳಿಹಾಕುವ ತಮ್ಮ ಹಕ್ಕನ್ನೇ ಬಿಟ್ಟರು. ಅಷ್ಟಕ್ಕೂ ನಿಲ್ಲದೆ, ಅರಸನ ಮೇಲೆ ಸಭೆ ಅವಿಶ್ವಾಸ ತೋರಿಸಬಹುದು ಅಂತ ನಿಯಮ ತಂದರು. ಅವರು 1972ರಲ್ಲಿ ತೀರಿಕೊಂಡರು. ಆಮೇಲೆ ಆ ನಿಯಮವನ್ನು ಸಭೆಯೇ ಕೈಬಿಟ್ಟಿತು.

ನಾಲ್ಕನೆಯವರು, ಅಂದರೆ ನಿಮ್ಮ ಅಜ್ಜಿ ಶಾಲು ಹಾಕಿದವರು, ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್. ಗದ್ದುಗೆ ಏರಿದಾಗ 16 ವರ್ಷದ ಹುಡುಗ. 1981ರಲ್ಲಿ ಜಿಲ್ಲಾ ಮಟ್ಟದ ಸಭೆಗಳು, 1991ರಲ್ಲಿ ಗೆವೋಗ್ ಸಭೆಗಳು. ಗೆವೋಗ್ ಅಂದರೆ ನಮ್ಮ ಹೋಬಳಿ ಅಂದುಕೊಳ್ಳಿ. ಇಷ್ಟೆಲ್ಲ ಮೆಲ್ಲಗೆ ನಡೆಯಿತು. 1998ರ ಜೂನ್‌ನಲ್ಲಿ ದೊಡ್ಡ ಹೆಜ್ಜೆ ಇಟ್ಟರು. ಒಂದು ಕಾಶೋ ಹೊರಡಿಸಿದರು. ನಮ್ಮ ಹಿಂದಿನವರು ನಿರೂಪ ಅನ್ನುತ್ತಿದ್ದರಲ್ಲ, ಅದೇ. ತಮ್ಮ ಮಂತ್ರಿಮಂಡಲ ವಿಸರ್ಜನೆ ಮಾಡಿ, ಇನ್ನು ಮಂತ್ರಿಗಳನ್ನು ಸಭೆಯೇ ಗುಟ್ಟಿನ ಮತದಿಂದ ಆರಿಸಲಿ ಅಂದರು. ಸರ್ಕಾರದ ಮುಖ್ಯಸ್ಥನ ಸ್ಥಾನ ಮಂತ್ರಿಗಳ ನಡುವೆ ವರ್ಷಕ್ಕೊಬ್ಬರಂತೆ ಸರದಿಯಲ್ಲಿ ಬರಲಿ ಅಂದರು. ಮೂರನೇ ಎರಡು ಭಾಗ ಸದಸ್ಯರು ಬೇಡ ಅಂದರೆ ಅರಸ ಇಳಿಯಬೇಕು ಅಂತ ಅಪ್ಪನ ಹಳೇ ನಿಯಮವನ್ನು ಮತ್ತೆ ತಂದರು. ಸಭೆಯವರು ಇದು ಬೇಡವೇ ಬೇಡ ಅಂತ ಬೇಡಿಕೊಂಡರು. ಅರಸರು ಪಟ್ಟು ಬಿಡಲಿಲ್ಲ.

ಈಗ ನಾನೇ ಕಂಡದ್ದು. 2005ರ ಡಿಸೆಂಬರ್ 17, ಅವರ ರಾಷ್ಟ್ರೀಯ ದಿನ. ಆ ವರ್ಷ ಸಮಾರಂಭ ನಮ್ಮ ಪಕ್ಕದ ಟ್ರಾಶಿಯಾಂಗ್‌ಟ್ಸೆಯಲ್ಲಿ. ಚಳಿಗಾಲದ ರಜೆ, ನಾನು ಊರಿಗೆ ಹೊರಡಬೇಕಿತ್ತು. ಅರಸರನ್ನು ಹತ್ತಿರದಿಂದ ನೋಡೋಣ ಅಂತ ಎರಡು ದಿನ ಮುಂದೂಡಿದೆ. ಮೈದಾನದ ತುಂಬ ಜನ. ಯಾಕ್ ಕಾಯುವವರು, ಸನ್ಯಾಸಿಗಳು, ರೈತರು, ಶಾಲೆ ಮಕ್ಕಳು. ಹುಲ್ಲಿನ ಮೇಲೆ ಬೆಳಗಿನ ಇಬ್ಬನಿ ಇನ್ನೂ ಆರಿರಲಿಲ್ಲ. ಅರಸರು ಜೋಂಗ್‌ಖಾ ಭಾಷೆಯಲ್ಲಿ ಮಾತಾಡಿದರು. ನನಗೆ ಅರ್ಧಂಬರ್ಧ ತಿಳಿಯಿತು. ಪಕ್ಕದಲ್ಲಿ ಕೂತ ನಮ್ಮ ಶಾಲೆಯ ಭಾಷಾ ಮೇಷ್ಟ್ರು ಪಿಸುಮಾತಿನಲ್ಲಿ ಅರ್ಥ ಹೇಳುತ್ತಿದ್ದರು. ಒಂದು ಕಡೆ ನಿಲ್ಲಿಸಿಬಿಟ್ಟರು. ಏನು ಅಂದೆ. ಮಾತೇ ಇಲ್ಲ. ಸುತ್ತ ನೋಡಿದರೆ ಯಾರೂ ಅಲುಗಾಡುತ್ತಿಲ್ಲ. ಆಮೇಲೆ ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಅಳಲು ಶುರು ಮಾಡಿದಳು. 2008ರಲ್ಲಿ ಚುನಾವಣೆ, ಅಷ್ಟರೊಳಗೆ ನಾನು ಪಟ್ಟ ಬಿಡುತ್ತೇನೆ ಅಂತ ಅರಸರು ಹೇಳಿದ್ದರು. ಅವರು 2008ರವರೆಗೂ ಕಾಯಲಿಲ್ಲ. ಮರುವರ್ಷ, 2006ರ ಡಿಸೆಂಬರ್‌ನಲ್ಲೇ ಮಗನಿಗೆ ಒಪ್ಪಿಸಿಬಿಟ್ಟರು. ಆಗ ಅವರಿಗೆ 51 ವರ್ಷ.

ಇನ್ನೊಂದು ಹೇಳಲೇಬೇಕು. ಚುನಾವಣೆ ಅಂದರೇನು ಅಂತ ಜನರಿಗೆ ಗೊತ್ತಿಲ್ಲವಲ್ಲ. ಅದಕ್ಕೇ 2007ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಇಡೀ ದೇಶಕ್ಕೆ ಅಣಕು ಚುನಾವಣೆ ಮಾಡಿದರು. ನಾಲ್ಕು ಕಾಲ್ಪನಿಕ ಪಕ್ಷ: ಹಳದಿ, ಕೆಂಪು, ಹಸಿರು, ನೀಲಿ. ಒಂದೊಂದಕ್ಕೂ ಒಂದು ಧ್ಯೇಯ. ಹಳದಿ ಸಂಪ್ರದಾಯಕ್ಕೆ, ಕೆಂಪು ಕೈಗಾರಿಕೆಗೆ, ಹಸಿರು ಪರಿಸರಕ್ಕೆ, ನೀಲಿ ಲಂಚವಿಲ್ಲದ ಆಡಳಿತಕ್ಕೆ. ಅಭ್ಯರ್ಥಿಗಳಾಗಿ ನಿಂತವರು ಶಾಲೆ ಹುಡುಗರು! ನಮ್ಮ ಶಾಲೆಯ ಒಬ್ಬ ಹುಡುಗ ಕೆಂಪು ಪಕ್ಷದಿಂದ ನಿಂತ. ರಸ್ತೆ, ಕಾರ್ಖಾನೆ, ಕೆಲಸ ಅಂತ ಅದ್ಭುತವಾಗಿ ಮಾತಾಡಿದ. ಫಲಿತಾಂಶ ಬಂತು. 47ರಲ್ಲಿ 46 ಸ್ಥಾನ ಹಳದಿಗೆ. ಹಳದಿ ಅರಸರ ಬಣ್ಣ, ಬೇರೆ ಬಟನ್ ಒತ್ತಲು ಜನರಿಗೆ ಕೈ ಬರಲಿಲ್ಲ. ಆ ಹುಡುಗ ಸ್ಟಾಫ್‌ರೂಮಿಗೆ ಬಂದು ನನ್ನ ಮೇಜಿನ ಪಕ್ಕ ನಿಂತ. "ಸರ್, ನನ್ನ ಅಮ್ಮನೂ ಹಳದಿಗೇ ಹಾಕಿದ್ದಾಳೆ" ಅಂದ. ನಾನು ಅವನ ಬೆನ್ನು ತಟ್ಟಿದೆ. ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ.

ಕೆರೆಏರಿ (ತುಮಕೂರು)

ಮಾಸ್ತರೇ, ಓದಿ ಮೈ ಜುಮ್ಮೆಂದಿತು. ಆದರೂ ಒಂದು ಅನುಮಾನ. ಅರಸ ತಾನಾಗಿ ಕೊಟ್ಟ, ಜನ ಅತ್ತರು ಅನ್ನುವುದು ಅರಮನೆಗೆ ಬಹಳ ಒಪ್ಪುವ ಕಥೆ. ಎಲ್ಲ ಕಥೆಗೂ ಇನ್ನೊಂದು ಮಗ್ಗಲು ಇರುತ್ತದೆ ಅಲ್ವಾ? ಮತ್ತೆ, ಕೊಟ್ಟದ್ದು ಕಾಗದದಲ್ಲಿ ಎಷ್ಟು, ನಿಜದಲ್ಲಿ ಎಷ್ಟು? ಯಾರಾದರೂ ಅವರ ಸಂವಿಧಾನ ಓದಿದ್ದೀರಾ?

ಬೆಳಗಾವಿ ವಕೀಲ

ನಾನು ಓದಿದ್ದೇನೆ. ಚಿಕ್ಕ ಸಂವಿಧಾನ, 35 ವಿಧಿ ಮಾತ್ರ. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಮೊದಲು ನಮ್ಮ ಕಡೆಯ ಒಂದು ನಂಟು ಹೇಳುತ್ತೇನೆ, ಇದು ನನಗೆ ಬಹಳ ಹೆಮ್ಮೆ. ಆ ಸಂವಿಧಾನ ಬರೆಯುವಾಗ ಭೂತಾನ ಸರ್ಕಾರಕ್ಕೆ ಸಲಹೆಗಾರರಾಗಿದ್ದವರು ಕೆ.ಕೆ. ವೇಣುಗೋಪಾಲ್. ಆಮೇಲೆ ಭಾರತದ ಅಟಾರ್ನಿ ಜನರಲ್ ಆದರಲ್ಲ, ಅವರೇ. ಹುಟ್ಟಿದ್ದು ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕಾಞಂಗಾಡಿನಲ್ಲಿ, ಬೆಳೆದದ್ದು ಮಂಗಳೂರಿನಲ್ಲಿ, ಕಾನೂನು ಓದಿದ್ದು ನಮ್ಮ ಬೆಳಗಾವಿಯ ರಾಜಾ ಲಖಮಗೌಡ ಲಾ ಕಾಲೇಜಿನಲ್ಲಿ. 1954ರಲ್ಲಿ ಮೈಸೂರು ಹೈಕೋರ್ಟಿನಲ್ಲಿ ವಕೀಲರಾಗಿ ಹೆಸರು ನೋಂದಾಯಿಸಿದರು.

ಕರಡು ಸಮಿತಿಯಲ್ಲಿ 39 ಜನ ಇದ್ದರು. ಮುಖ್ಯ ನ್ಯಾಯಮೂರ್ತಿ ಸೋನಮ್ ತೋಬ್ಗ್ಯೆ ಅಧ್ಯಕ್ಷರು. ಕೆಲಸ ಶುರುವಾದದ್ದು 2001ರ ಕೊನೆಯಲ್ಲಿ. 2005ರ ಮಾರ್ಚ್‌ನಲ್ಲಿ ಕರಡು ಜನರ ಕೈಗೆ ಬಂತು. ಆಮೇಲೆ ಅರಸರು ಮತ್ತು ಯುವರಾಜರು 20 ಜಿಲ್ಲೆಗಳಿಗೂ ಹೋಗಿ ಜನರ ಮುಂದೆ ಅದನ್ನು ಓದಿಸಿ, ಪ್ರಶ್ನೆ ಕೇಳಿಸಿಕೊಂಡರು. ಸಹಿ ಬಿದ್ದದ್ದು 2008ರ ಜುಲೈ 18ರಂದು, ಥಿಂಪುವಿನಲ್ಲಿ.

ಈಗ ಕೆರೆಏರಿಯವರ ಪ್ರಶ್ನೆ. ಮೊದಲ ವಿಧಿಯ ಮೊದಲ ಸಾಲೇ ಸಾರ್ವಭೌಮ ಅಧಿಕಾರ ಭೂತಾನದ ಜನರದ್ದು ಅನ್ನುತ್ತದೆ. 1907ರಿಂದ ಅದು ಅರಸರದ್ದಾಗಿತ್ತು. ಎರಡನೇ ವಿಧಿ ಪೂರ್ತಿ ಅರಸೊತ್ತಿಗೆ ಬಗ್ಗೆ. ಅಲ್ಲಿ ಎರಡು ವಿಷಯ ನೋಡಿ.

65 ವರ್ಷ ತುಂಬಿದ ಕೂಡಲೇ ಅರಸ ನಿವೃತ್ತಿ ಆಗಬೇಕು, ಯುವರಾಜನಿಗೆ ವಯಸ್ಸು ಬಂದಿದ್ದರೆ. ಸರ್ಕಾರಿ ನೌಕರರ ಹಾಗೆ ಅರಸನಿಗೂ ರಿಟೈರ್‌ಮೆಂಟ್! ಇನ್ನೊಂದು, ಅರಸನನ್ನು ಇಳಿಸುವ ದಾರಿ. ಬೇಕೆಂದೇ ಸಂವಿಧಾನ ಮುರಿದರೆ ಅಥವಾ ಬುದ್ಧಿ ಸ್ಥಿಮಿತ ಶಾಶ್ವತವಾಗಿ ತಪ್ಪಿದರೆ, ಸಂಸತ್ತಿನ ಮೂರನೇ ಎರಡು ಭಾಗ ಸದಸ್ಯರು ನಿರ್ಣಯ ತರಬಹುದು. ಜಂಟಿ ಅಧಿವೇಶನದಲ್ಲಿ ನಾಲ್ಕನೇ ಮೂರು ಭಾಗ ಒಪ್ಪಬೇಕು. ಆಮೇಲೆ ಜನಮತಗಣನೆ. ಆ ಅಧಿವೇಶನಕ್ಕೆ ಅಧ್ಯಕ್ಷತೆ ವಹಿಸುವವರು ಮುಖ್ಯ ನ್ಯಾಯಮೂರ್ತಿ. ತನ್ನನ್ನೇ ಇಳಿಸುವ ದಾರಿಯನ್ನು ಸಂವಿಧಾನದಲ್ಲಿ ಬರೆಸಿಟ್ಟ ಅರಸರು ಇನ್ನೆಷ್ಟು ಜನ ಸಿಗುತ್ತಾರೆ?

ಹಾಗಂತ ಅರಸರ ಕೈ ಖಾಲಿ ಅಂದುಕೊಳ್ಳಬೇಡಿ. ಸೇನೆಗೆ ಅವರೇ ಮುಖ್ಯಸ್ಥರು. ಮೇಲ್ಮನೆಯ 25 ಜನರಲ್ಲಿ 5 ಜನರನ್ನು ಅವರೇ ನೇಮಿಸುತ್ತಾರೆ. ಭೂಮಿ ಇಲ್ಲದವರಿಗೆ ಭೂಮಿ ಕೊಡುವ, ಕ್ಷಮಾದಾನ ನೀಡುವ, ಪೌರತ್ವ ಕೊಡುವ ಅಧಿಕಾರ ಅವರ ಕೈಯಲ್ಲೇ ಇದೆ. ಮಸೂದೆ ಬಂದರೆ ತಿದ್ದುಪಡಿ ಸೂಚಿಸಿ ವಾಪಸ್ ಕಳಿಸಬಹುದು. ಜಂಟಿ ಅಧಿವೇಶನ ಮತ್ತೆ ಪಾಸು ಮಾಡಿದರೆ ಸಹಿ ಹಾಕಲೇಬೇಕು.

ಕಾಗದ ಬಿಟ್ಟು ನಿಜದಲ್ಲಿ ಏನಾಯಿತು? 2008ರ ಮಾರ್ಚ್ 24ರಂದು ಮೊದಲ ಚುನಾವಣೆ. 79 ಶೇಕಡಾ ಜನ ಮತ ಹಾಕಿದರು. 47ರಲ್ಲಿ 45 ಸ್ಥಾನ ಒಂದೇ ಪಕ್ಷಕ್ಕೆ, ಡಿಪಿಟಿಗೆ. ಜಿಗ್ಮೆ ಥಿನ್ಲೆ ಪ್ರಧಾನಿ. ಎದುರು ಪಕ್ಷ ಪಿಡಿಪಿಯ ನಾಯಕರು ಹೊಸ ಅರಸರ ಸ್ವಂತ ಸೋದರಮಾವ, ಸಂಗೆ ನ್ಗೆದುಪ್. ತಮ್ಮ ಕ್ಷೇತ್ರದಲ್ಲೇ ಸೋತರು! ವಿರೋಧ ಪಕ್ಷದಲ್ಲಿ ಉಳಿದವರು ಇಬ್ಬರೇ. ಆ ಇಬ್ಬರು ಏನು ಮಾಡಿದರು ಗೊತ್ತಾ? ಸಂಸತ್ತನ್ನು ಕೇಳದೆ ವಾಹನಗಳ ಮೇಲೆ ತೆರಿಗೆ ಏರಿಸಿದ್ದು ತಪ್ಪು ಅಂತ ಸರ್ಕಾರದ ಮೇಲೆ ಕೇಸು ಹಾಕಿದರು. ಹೈಕೋರ್ಟಿನಲ್ಲಿ ಗೆದ್ದರು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2011ರಲ್ಲಿ ಅಲ್ಲಿಯೂ ಆ ಇಬ್ಬರೇ ಗೆದ್ದರು. ಸಂವಿಧಾನ ಬಂದು ಮೂರು ವರ್ಷವೂ ಆಗಿರಲಿಲ್ಲ. ನನ್ನ ಮಟ್ಟಿಗೆ ಭೂತಾನದಲ್ಲಿ ಕಾನೂನಿನ ಆಳ್ವಿಕೆ ಹುಟ್ಟಿದ್ದು ಆ ತೀರ್ಪಿನ ದಿನ. ಆ ಇಬ್ಬರಲ್ಲಿ ಒಬ್ಬರು ತ್ಶೆರಿಂಗ್ ತೋಬ್ಗೆ. 2013ರಲ್ಲಿ ಅವರೇ ಪ್ರಧಾನಿ ಆದರು. 2018ರಲ್ಲಿ ಸೋತರು, 2024ರಲ್ಲಿ ಮತ್ತೆ ಬಂದರು. ಮೊದಲ ಚುನಾವಣೆಯ ನಂತರ ಪ್ರತಿ ಸಲವೂ ಆಳುವ ಪಕ್ಷವನ್ನು ಜನ ಬದಲಾಯಿಸಿದ್ದಾರೆ.

ಮಳೆಹನಿ (ಸಿರ್ಸಿ)

ವಕೀಲರೇ, ಬೌದ್ಧ ಭಿಕ್ಷುಗಳಿಗೆ ಅಲ್ಲಿ ವೋಟು ಇಲ್ಲ ಅಂತ ಕೇಳಿದ್ದೆ, ನಿಜವೇ? ಮತ್ತೆ ಡಿಗ್ರಿ ಇಲ್ಲದವರು ಚುನಾವಣೆಗೆ ನಿಲ್ಲುವಂತಿಲ್ಲವಂತೆ?

ಬೆಳಗಾವಿ ವಕೀಲ

ಎರಡೂ ನಿಜ. ಧರ್ಮ ರಾಜಕೀಯಕ್ಕಿಂತ ಮೇಲಿರಬೇಕು ಅಂತ ಸಂವಿಧಾನದಲ್ಲೇ ಇದೆ, ಅದರಿಂದ ಸನ್ಯಾಸಿಗಳಿಗೆ ಮತವಿಲ್ಲ. ಡಿಗ್ರಿ ನಿಯಮ ನನಗೆ ಇಷ್ಟವಿಲ್ಲ. ಅದೇ ಕಾರಣಕ್ಕೆ 2007ರ ಕೊನೆಯಲ್ಲಿ ಮೇಲ್ಮನೆ ಚುನಾವಣೆಗೆ ಕೆಲವು ಜಿಲ್ಲೆಗಳಲ್ಲಿ ಅಭ್ಯರ್ಥಿಗಳೇ ಸಾಕಾಗಲಿಲ್ಲ, ಅಲ್ಲಿ ಮತದಾನ ಜನವರಿಗೆ ಹೋಯಿತು. ಊರಿನ ಕಷ್ಟ ಸುಖ ತಿಳಿದ ರೈತ ಸಂಸತ್ತಿಗೆ ಹೋಗುವಂತಿಲ್ಲ ಅಂದರೆ ಅದು ದೊಡ್ಡ ಕೊರತೆ.

ಓಹಾಯೋ ಕನ್ನಡಿಗ (ಕೊಲಂಬಸ್)

ಎಲ್ಲರ ಬರಹವನ್ನೂ ಗೌರವದಿಂದ ಓದಿದೆ. ಆದರೆ ಇಲ್ಲಿಯವರೆಗೆ ಒಬ್ಬರೂ ಒಂದು ಮಾತು ಎತ್ತಲಿಲ್ಲ. ನಾನು ಎತ್ತಲೇಬೇಕು.

ನಾನಿರುವ ಊರಿನಲ್ಲಿ ಭೂತಾನದಿಂದ ಬಂದ ನೇಪಾಳಿ ಭಾಷೆಯ ಜನ ಸಾವಿರಾರು ಇದ್ದಾರೆ. ಲೋತ್ಶಾಂಪಾ ಅನ್ನುತ್ತಾರೆ, ದಕ್ಷಿಣದವರು ಅಂತ ಅರ್ಥ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ. ಸರ್ಪಾಂಗ್ ಕಡೆಯವರು. ಕಿತ್ತಳೆ ತೋಟ, ಅಡಿಕೆ, ಏಲಕ್ಕಿ ಇತ್ತಂತೆ. ಅಡಿಕೆ ಅಂದಾಗಲೇ ನನಗೂ ಅವರಿಗೂ ಮಾತು ಬೆಳೆದದ್ದು.

ಒಂದು ಭಾನುವಾರ ಅವರು ಒಂದು ಪ್ಲಾಸ್ಟಿಕ್ ಕವರ್ ತಂದು ತೋರಿಸಿದರು. ಒಳಗೆ ಕಂದಾಯದ ರಸೀದಿಗಳು. ಮಡಿಕೆಯಲ್ಲಿ ಹರಿದು, ಅಕ್ಷರ ಮಾಸಿ ಹೋಗಿವೆ. 1985ರಲ್ಲಿ ಹೊಸ ಪೌರತ್ವ ಕಾಯ್ದೆ ಬಂತು. 1958ರಲ್ಲಿ ನೀವು ಭೂತಾನದಲ್ಲೇ ಇದ್ದಿರಿ ಅನ್ನುವುದಕ್ಕೆ ಪುರಾವೆ ಬೇಕು ಅಂದರು. 1988ರ ಜನಗಣತಿಯಲ್ಲಿ ಅಧಿಕಾರಿಗಳು ಮನೆಮನೆಗೆ ಬಂದು ಆ ವರ್ಷದ್ದೇ ರಸೀದಿ ಕೇಳಿದರು. ಅಜ್ಜನ ಹತ್ತಿರ ಹಿಂದಿನದೂ ಇತ್ತು, ಮುಂದಿನದೂ ಇತ್ತು. ಆ ಒಂದು ವರ್ಷದ್ದು ಇರಲಿಲ್ಲ. ಮೂವತ್ತು ವರ್ಷ ಹಿಂದಿನ ರಸೀದಿ ರೀ! ನಮ್ಮ ಮನೆಯಲ್ಲಿ ಹೋದ ವರ್ಷದ ಕಂದಾಯ ರಸೀದಿ ಸಿಗುತ್ತದಾ ಹೇಳಿ.

ಆಮೇಲೆ ಎಲ್ಲರೂ ಉತ್ತರದವರ ಘೋ, ಕಿರಾ ಉಡುಪು ತೊಡಬೇಕು ಅಂತ ಕಡ್ಡಾಯ. ಶಾಲೆಯಿಂದ ನೇಪಾಳಿ ಭಾಷೆ ಹೋಯಿತು. 1990ರಲ್ಲಿ ದಕ್ಷಿಣದಲ್ಲಿ ಮೆರವಣಿಗೆ ಆಯಿತು, ಬಂಧನ ಆಯಿತು. ನಂತರದ ಎರಡು ಮೂರು ವರ್ಷದಲ್ಲಿ ಲಕ್ಷದ ಹತ್ತಿರ ಜನ ನೇಪಾಳದ ಝಾಪಾ, ಮೊರಾಂಗ್ ಶಿಬಿರಗಳಿಗೆ ಬಂದು ಬಿದ್ದರು. 2005ರ ಗಣತಿ ಪ್ರಕಾರ ಇಡೀ ಭೂತಾನದ ಜನಸಂಖ್ಯೆ ಸುಮಾರು 6.35 ಲಕ್ಷ. ಆ ಲೆಕ್ಕದಲ್ಲಿ ಒಂದು ಲಕ್ಷ ಅಂದರೆ ಎಷ್ಟು ದೊಡ್ಡದು ನೋಡಿ. ಅಜ್ಜ ಬಿದಿರಿನ ಗುಡಿಸಿಲಿನಲ್ಲಿ ಹತ್ತಾರು ವರ್ಷ ಕಳೆದರು. ಶಿಬಿರದವರನ್ನು ಬೇರೆ ದೇಶಗಳಿಗೆ ಕಳಿಸುವ ಕೆಲಸ ದೊಡ್ಡದಾಗಿ ಶುರುವಾದದ್ದು 2008ರಲ್ಲಿ. ಅದೇ ವರ್ಷ ಭೂತಾನದಲ್ಲಿ ಮೊದಲ ಚುನಾವಣೆ.

ಇನ್ನು ಜನ ಕೇಳಲೇ ಇಲ್ಲ ಅನ್ನುವ ಮಾತು. ತೇಕ್ ನಾಥ್ ರಿಜಾಲ್ ಅರಸರ ಸಲಹಾ ಮಂಡಳಿಯಲ್ಲೇ ಇದ್ದವರು. 1988ರಲ್ಲಿ ಗಣತಿಯ ಅನ್ಯಾಯದ ಬಗ್ಗೆ ಅರಸರಿಗೇ ಮನವಿ ಕೊಟ್ಟರು. ಮರುವರ್ಷ ಬಂಧನ. ಹೊರಬಂದದ್ದು 1999ರ ಡಿಸೆಂಬರ್‌ನಲ್ಲಿ. ಹತ್ತು ವರ್ಷ! ಮಾಸ್ತರೇ, ನೀವಿದ್ದ ಪೂರ್ವದಲ್ಲೇ 1997ರಲ್ಲಿ ಪ್ರಜಾಪ್ರಭುತ್ವ ಬೇಕು ಅಂತ ಜನ ಪ್ರತಿಭಟನೆ ಮಾಡಿದ್ದರು. ಅವರು ನೇಪಾಳಿಗಳಲ್ಲ, ಪೂರ್ವದ ಶಾರ್ಚೋಪ್ ಜನ. ಅವರನ್ನೂ ಹಿಡಿದು ಹಾಕಿದರು. ಅದಾದ ಮರುವರ್ಷವೇ ಆ 1998ರ ಕಾಶೋ ಬಂದದ್ದು. ನಾನು ನಿಮ್ಮನ್ನು ದೂರುತ್ತಿಲ್ಲ. ಆದರೆ ಕೇಳಿದವರು ಇದ್ದರು. ಕೇಳಿದವರು ಜೈಲಿನಲ್ಲಿದ್ದರು ಅಥವಾ ಶಿಬಿರದಲ್ಲಿದ್ದರು. ಅಳುವುದಕ್ಕೆ ಮೈದಾನದಲ್ಲಿ ಉಳಿದವರು ಬೇರೆಯವರು.

ಕೆರೆಏರಿ (ತುಮಕೂರು)

ಇದು ಗೊತ್ತೇ ಇರಲಿಲ್ಲ. ಭೂತಾನ ತನ್ನ ಏಳಿಗೆಯನ್ನು ಒಟ್ಟು ರಾಷ್ಟ್ರೀಯ ಸಂತೋಷದಿಂದ ಅಳೆಯುತ್ತದೆ ಅಂತ ಶಾಲೆ ಪುಸ್ತಕದಲ್ಲಿ ಓದಿದ್ದೆವು. ಇದನ್ನು ಯಾರೂ ಹೇಳಿರಲಿಲ್ಲ.

ಅಗ್ರಹಾರದ ಹುಡುಗ (ಮೈಸೂರು)

ಮಾಸ್ತರು ಉತ್ತರ ಕೊಡುವವರೆಗೆ ನಾನೊಂದು ಮಾತು ಸೇರಿಸುತ್ತೇನೆ. ಕೊಟ್ಟರಾ, ಕೇಳಿ ಪಡೆದರಾ ಅನ್ನುವ ಈ ಪ್ರಶ್ನೆ ನಮ್ಮ ಮೈಸೂರಿಗೂ ಇದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. 144 ಸದಸ್ಯರು. ದಸರಾ ಮುಗಿದ ಮೇಲೆ ಸೇರುತ್ತಿದ್ದರು. ಕೆರೆ ಒಡೆದಿದೆ, ಕಂದಾಯ ಜಾಸ್ತಿ ಆಗಿದೆ, ರಸ್ತೆ ಬೇಕು ಅಂತ ಹೇಳಿಕೊಳ್ಳಬಹುದಿತ್ತು. ಕಾನೂನು ಮಾಡುವಂತಿರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರಲ್ಲಿ ಇನ್ನಷ್ಟು ಸುಧಾರಣೆ. ಇಷ್ಟೆಲ್ಲ ಅರಮನೆ ಕೊಟ್ಟದ್ದು, ಅದರ ಬಗ್ಗೆ ನನಗೆ ನಿಜವಾದ ಗೌರವ ಇದೆ. ಆದರೆ ಜವಾಬ್ದಾರಿ ಸರ್ಕಾರ ಮಾತ್ರ ತಾನಾಗಿ ಬರಲಿಲ್ಲ. 1938ರಲ್ಲಿ ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಸ್ವಾತಂತ್ರ್ಯ ಬಂದ ಮೇಲೂ 1947ರ ಸೆಪ್ಟೆಂಬರ್‌ನಲ್ಲಿ ಜನ ಮೈಸೂರು ಚಲೋ ಅಂತ ಬೀದಿಗಿಳಿಯಬೇಕಾಯಿತು. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿ ಮಂತ್ರಿಮಂಡಲ ಬಂತು.

ಲೆಕ್ಕ ಹಾಕಿ ನೋಡಿ. ಮೈಸೂರಿಗೆ 1881ರಿಂದ 1947, ಅಂದರೆ 66 ವರ್ಷ. ಭೂತಾನಕ್ಕೆ 1953ರಿಂದ 2008, 55 ವರ್ಷ. ಎರಡೂ ಕಡೆ ಸಭೆ ಮೊದಲು ಬಂತು, ಅಧಿಕಾರ ಬಹಳ ತಡವಾಗಿ ಬಂತು. ಮಾತಾಡಲು ಕಲಿತವರು ಒಂದು ದಿನ ಕೇಳಿಯೇ ಕೇಳುತ್ತಾರೆ. ಭೂತಾನದ ನಾಲ್ಕನೇ ಅರಸರು ಆ ದಿನ ಬರುವುದಕ್ಕೂ ಮುಂಚೆ ಎದ್ದು ನಿಂತರು ಅಂತ ನನಗನ್ನಿಸುತ್ತದೆ.

ಬೆಳಗಾವಿ ವಕೀಲ

ಅಗ್ರಹಾರದವರ ಮಾತಿಗೆ ನೆರೆಹೊರೆಯನ್ನೂ ಸೇರಿಸಿ. ಸಿಕ್ಕಿಂ 1975ರಲ್ಲಿ ಭಾರತಕ್ಕೆ ಸೇರಿತು, ಅಲ್ಲಿನ ಅರಸೊತ್ತಿಗೆ ಹೋಯಿತು. ನಾಲ್ಕನೇ ಅರಸರು ಗದ್ದುಗೆ ಏರಿ ಮೂರೇ ವರ್ಷವಾಗಿತ್ತು ಆಗ. ನೇಪಾಳದಲ್ಲಿ 2001ರ ಅರಮನೆ ಹತ್ಯಾಕಾಂಡ. 2005ರಲ್ಲಿ ಅಲ್ಲಿನ ಅರಸ ಜ್ಞಾನೇಂದ್ರ ಎಲ್ಲ ಅಧಿಕಾರ ತನ್ನ ಕೈಗೆ ಎಳೆದುಕೊಂಡರು. ಮರುವರ್ಷ ಜನ ಬೀದಿಗೆ ಬಂದರು. 2008ರ ಮೇ 28ರಂದು ಅಲ್ಲಿ ಅರಸೊತ್ತಿಗೆಯೇ ಮುಗಿಯಿತು. ಭೂತಾನದ ಸಂವಿಧಾನಕ್ಕೆ ಸಹಿ ಬಿದ್ದದ್ದು ಅದಾಗಿ ಎರಡು ತಿಂಗಳೂ ಆಗುವ ಮುಂಚೆ. ಒಬ್ಬ ಅರಸ ಬಿಗಿಹಿಡಿದು ಎಲ್ಲ ಕಳೆದುಕೊಂಡರು. ಇನ್ನೊಬ್ಬರು ಬಿಟ್ಟುಕೊಟ್ಟು ಗದ್ದುಗೆ ಉಳಿಸಿಕೊಂಡರು.

ಓಹಾಯೋದವರು ಹೇಳಿದ್ದನ್ನು ಕಾನೂನಿನ ಭಾಷೆಯಲ್ಲಿ ಹೇಳುವುದಾದರೆ, ಸಾರ್ವಭೌಮ ಅಧಿಕಾರ ಭೂತಾನದ ಜನರದ್ದು ಅಂತ ಬರೆಯುವ ಮುಂಚೆಯೇ ಆ ಜನ ಯಾರು ಅನ್ನುವುದನ್ನು ತೀರ್ಮಾನ ಮಾಡಿಯಾಗಿತ್ತು. 1958ರ ಪೌರತ್ವದ ಗೆರೆ ಸಂವಿಧಾನದ ಒಳಗೂ ಇದೆ. ನನ್ನ ಮೊದಲ ಬರಹದಲ್ಲಿ ನಾನು ಇದನ್ನು ಹೇಳಬೇಕಿತ್ತು. ಹೇಳದೆ ಹೋದದ್ದು ನನ್ನ ತಪ್ಪು.

ಜೋಯಿಡಾ ಮಾಸ್ತರ

ಎರಡು ದಿನ ಉತ್ತರ ಬರೆಯಲು ಕೈ ಬರಲಿಲ್ಲ. ಓಹಾಯೋದ ತಮ್ಮಾ, ನೀವು ಹೇಳಿದ್ದರಲ್ಲಿ ನಾನು ತಳ್ಳಿಹಾಕುವಂಥದ್ದು ಏನೂ ಇಲ್ಲ.

1997ರ ಆ ದಿನಗಳು ನನಗೆ ನೆನಪಿವೆ. ಪೇಟೆಯಲ್ಲಿ ಒಮ್ಮೆಲೇ ಪೊಲೀಸರು ಜಾಸ್ತಿ ಕಾಣಿಸಿದರು. ಶಾಲೆಗೆ ಹಾಲು ಕೊಡುತ್ತಿದ್ದವನ ಅಣ್ಣ ಊರಲ್ಲಿಲ್ಲ ಅಂದರು. ಎಲ್ಲಿಗೆ ಹೋದ ಅಂತ ಕೇಳಿದೆ. ಅವನು ಹಾಲಿನ ಲೋಟ ಕೆಳಗಿಟ್ಟು ಸುಮ್ಮನೆ ನನ್ನ ಮುಖ ನೋಡಿದ. ನಾನು ಮತ್ತೆ ಕೇಳಲಿಲ್ಲ. ನಾನು ಹೊರಗಿನವನು, ಕರಾರಿನ ಮೇಲೆ ಬಂದವನು, ಮನೆಯಲ್ಲಿ ಇಬ್ಬರು ತಂಗಿಯರ ಮದುವೆ ಬಾಕಿ. ಇದು ನೆಪ ಅಂತ ಗೊತ್ತಿದೆ, ಆದರೂ ಇದ್ದದ್ದನ್ನು ಹೇಳುತ್ತಿದ್ದೇನೆ.

ಇನ್ನೊಂದು. ನಮ್ಮ ಹಾಸ್ಟೆಲ್‌ನಲ್ಲಿ ದಕ್ಷಿಣದ ಒಬ್ಬ ಹುಡುಗ ಇದ್ದ. ಲೆಕ್ಕದಲ್ಲಿ ಬಹಳ ಚುರುಕು. ಮುಂದಿನ ಓದಿಗೆ ಪೊಲೀಸರ ಕಡೆಯಿಂದ ಅಡ್ಡಿ ಇಲ್ಲ ಅನ್ನುವ ಪತ್ರ ಬೇಕಿತ್ತು. ಅವನ ಮನೆಯ ಯಾರೋ ಒಬ್ಬರು ಶಿಬಿರದಲ್ಲಿದ್ದರು, ಅದಕ್ಕೇ ಪತ್ರ ಸಿಗಲಿಲ್ಲ. ರಜೆ ಮುಗಿದ ಮೇಲೆ ಅವನು ವಾಪಸ್ ಬರಲಿಲ್ಲ. ಅವನ ಜ್ಯಾಮಿಟ್ರಿ ಪೆಟ್ಟಿಗೆ ನನ್ನ ಡ್ರಾಯರಿನಲ್ಲೇ ಉಳಿಯಿತು. ಅದು ಈಗ ಇಲ್ಲಿ, ಜೋಯಿಡಾದಲ್ಲಿ, ನನ್ನ ಮೇಜಿನ ಮೇಲಿದೆ.

ಹಾಗಿದ್ದರೂ ಆ ಮೈದಾನದ ಅಳು ಸುಳ್ಳಲ್ಲ ತಮ್ಮಾ. ಆ ಹೆಂಗಸು ಯಾರನ್ನೂ ಮೆಚ್ಚಿಸಲು ಅಳಲಿಲ್ಲ. ಹುಟ್ಟಿನಿಂದ ಅರಸನಾದವನು ಒಳ್ಳೆಯವನೇ ಆಗಿರುತ್ತಾನೆ ಅಂತ ಹೇಳುವುದು ಹೇಗೆ, ಅಂಥವನ ಕೈಗೆ ನಿಮ್ಮನ್ನು ಹೇಗೆ ಬಿಡಲಿ ಎಂಬ ಅರ್ಥದ ಮಾತನ್ನು ಆ ಅರಸರು ಮತ್ತೆ ಮತ್ತೆ ಹೇಳಿದರು. ಅದನ್ನು ನಾನು ಈಗಲೂ ನಂಬುತ್ತೇನೆ. ಅವರ ಆಳ್ವಿಕೆಯಲ್ಲೇ ನನ್ನ ಆ ಹುಡುಗನ ಓದು ನಿಂತಿತು. ಎರಡನ್ನೂ ಕಂಡಿದ್ದೇನೆ. ಒಂದನ್ನು ಮಾತ್ರ ಹೇಳುತ್ತಾ ಬಂದೆ.

ತುಂಗಾತೀರ (ಶಿವಮೊಗ್ಗ)

ಮಾಸ್ತರೇ, ನೀವು ಬರೆದದ್ದಕ್ಕೆ ನಾನು ಕೃತಜ್ಞಳು. ನಾನು ಕೇಳಿದ್ದು ಒಂದು ಫೋಟೋಗೆ ಯಾಕೆ ಶಾಲು ಅಂತ. ಇಷ್ಟು ದೂರ ಬರುತ್ತದೆ ಅಂದುಕೊಂಡಿರಲಿಲ್ಲ. ಪಾರೋದ ಆ ಮೊಮ್ಮಗನಿಗೆ ಮೆಸೇಜ್ ಮಾಡಿ, ದಕ್ಷಿಣದವರ ಬಗ್ಗೆ ಮನೆಯಲ್ಲಿ ಮಾತಾಡುತ್ತೀರಾ ಅಂತ ಕೇಳಿದೆ. ಅಜ್ಜಿ ಮಾತಾಡುವುದಿಲ್ಲ, ನಮ್ಮ ವಯಸ್ಸಿನವರು ಈಗೀಗ ಮಾತಾಡುತ್ತೇವೆ ಅಂತ ಬರೆದಿದ್ದಾನೆ.

ನನ್ನ ಮಗಳು ಇನ್ನೊಂದು ಲೆಕ್ಕ ಹಾಕಿದಳು. ಈಗಿನ ಅರಸರು ಹುಟ್ಟಿದ್ದು 1980ರ ಫೆಬ್ರುವರಿ 21. ಅಂದರೆ 2045ರ ಫೆಬ್ರುವರಿಯಲ್ಲಿ ಅವರು ಪಟ್ಟ ಬಿಡಬೇಕು. ದಿನಾಂಕ ಈಗಲೇ ಗೊತ್ತಿರುವ ಅರಸ! ಅವಳಿಗೆ ಇದೇ ಎಲ್ಲಕ್ಕಿಂತ ದೊಡ್ಡ ಬೆರಗು.

ಓಹಾಯೋ ಕನ್ನಡಿಗ (ಕೊಲಂಬಸ್)

ಮಾಸ್ತರೇ, ನಿಮ್ಮ ಬರಹವನ್ನು ಅಜ್ಜನಿಗೆ ಹಿಂದಿಯಲ್ಲಿ ಓದಿ ಹೇಳಿದೆ. ಜ್ಯಾಮಿಟ್ರಿ ಪೆಟ್ಟಿಗೆಯ ಭಾಗವನ್ನು ಎರಡು ಸಲ ಓದಿಸಿಕೊಂಡರು. ಅರಸರ ಬಗ್ಗೆ ಕೆಟ್ಟ ಮಾತು ಆಡಲಿಲ್ಲ. ನಾನು ಅವರ ಮನೆಗೆ ಹೋದಾಗಲೆಲ್ಲ ನೋಡಿದ್ದೇನೆ, ಮೂರನೇ ಅರಸರ ಒಂದು ಚಿಕ್ಕ ಫೋಟೋ ದೇವರ ಪಕ್ಕ ಇದೆ. ಅವರ ಕಾಲದಲ್ಲಿ, 1958ರಲ್ಲಿ, ನಮಗೆ ಪೌರತ್ವ ಸಿಕ್ಕಿತ್ತು ಅನ್ನುತ್ತಾರೆ.

ನಿಮಗೆ ಒಂದೇ ಪ್ರಶ್ನೆ ಕೇಳು ಅಂದರು. ಸರ್ಪಾಂಗ್ ಕಡೆ ಯಾವತ್ತಾದರೂ ಹೋಗಿದ್ದರಾ? ಕಿತ್ತಳೆ ಗಿಡಗಳು ಇದ್ದವಾ?

ಜೋಯಿಡಾ ಮಾಸ್ತರ

ಒಂದು ಸಲ ಹೋಗಿದ್ದೆ. 2003ರ ಚಳಿಗಾಲ, ಗೆಲೆಫು ಮೇಲೆ ಊರಿಗೆ ಬಂದೆ. ಅಜ್ಜನಿಗೆ ಹೇಳಿ, ಗಿಡಗಳು ಇದ್ದವು. ರಸ್ತೆಯ ಎರಡೂ ಕಡೆ ಹಣ್ಣು ತುಂಬಿತ್ತು. ಕೆಲವು ತೋಟಗಳಲ್ಲಿ ಉತ್ತರದಿಂದ ಬಂದ ಕುಟುಂಬಗಳು ಇದ್ದವು, ಅವರು ಬುಟ್ಟಿ ತುಂಬುತ್ತಿದ್ದರು. ಕೆಲವು ಕಡೆ ಮನೆಯ ಕಲ್ಲಿನ ಅಡಿಪಾಯ ಮಾತ್ರ, ಅಂಗಳದಲ್ಲಿ ಕಿತ್ತಳೆ ಉದುರಿ ಬಿದ್ದಿತ್ತು. ಬಸ್ಸು ನಿಂತಾಗ ನಾನೂ ಒಂದು ಡಜನ್ ಕೊಂಡೆ. ಬಹಳ ಸಿಹಿ ಇತ್ತು.